ಸಾಲ್ಮ್ ನದಿಯ ದಡದ ಹಳದಿ ಕಲ್ಲು

ಅಬ್ಬನಿಗೆ ಈಗ ಎಂಬತ್ತಾರು ವರ್ಷ. ನಮ್ಮ ಕರಾವಳಿಯ ಹಳೆಯ ತಲೆಮಾರಿನ ಅನೇಕರಂತೆ ಅವರೂ ತಲೆ ಬೋಳಿಸಿಕೊಂಡೇ ಬದುಕಿದವರು. ಹದಿನೈದು ದಿನಕ್ಕೊಮ್ಮೆ ಗುರುವಾರ ಸಂಜೆ ಊರಿನ ಕ್ಷೌರಿಕರು ಮನೆಗೆ ಬರುತ್ತಿದ್ದರು. ಜಗಲಿಯ ಬೆಂಚಿನಲ್ಲಿ ಅಬ್ಬ ಕಣ್ಣು ಮುಚ್ಚಿ ಕುಳಿತರೆ ತಲೆ ಬೋಳಿಸಿ, ಗಡ್ಡದ ಅಂಚು ತಿದ್ದಿ, ಕುತ್ತಿಗೆ ಸವರಿ ಏಳುವವರೆಗೂ ಇಬ್ಬರ ನಡುವೆ ಮಾತಿರುತ್ತಿರಲಿಲ್ಲ. ಎಷ್ಟೋ ಸಲ ಅಬ್ಬ ಕುಳಿತಲ್ಲೇ ನಿದ್ದೆ ಹೋದದ್ದನ್ನು ನಾವು ಮಕ್ಕಳು ನೋಡಿ ನಕ್ಕಿದ್ದೇವೆ. ಕತ್ತಿ ಮಾತ್ರ ಅಬ್ಬನ ಸ್ವಂತದ್ದು. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಕೊಂಡದ್ದಂತೆ. ಹಿಡಿಯ ಬಳಿ ‘ಸೋಲಿಂಗೆನ್’ ಎಂಬ ಅಚ್ಚು ಇದೆ. ಒಬ್ಬನಿಗೆ ಉಪಯೋಗಿಸಿದ ಕತ್ತಿ ಇನ್ನೊಬ್ಬನಿಗೆ ಬೇಡ ಎಂಬ ಎಚ್ಚರ ಅವರಿಗೆ ಆಗಲೇ ಇತ್ತು.

ಕಣ್ಣು ಮಂಜಾಗಿ ಆ ಕ್ಷೌರಿಕರು ಕೆಲಸ ಬಿಟ್ಟರು. ಅವರ ಮಗ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಅಲ್ಲಿ ಈಗ ಎಲ್ಲ ಕಡೆ ಇರುವಂತೆ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು. ರೋಗ ಹರಡದಿರಲು ಅದೇ ಸರಿಯಾದ ಕ್ರಮ ಕೂಡ. ಆದರೆ ಅಬ್ಬ ಪೇಟೆಗೆ ಹೋಗುವ ಸ್ಥಿತಿಯಲ್ಲಿಲ್ಲ. ಮನೆಯಲ್ಲೇ ಬ್ಲೇಡು ಹಾಕಿದ ರೇಜರಿನಿಂದ ನಾನು ಪ್ರಯತ್ನಿಸಿದೆ. ಎರಡು ವಾರ ಬೆಳೆದ ಕೂದಲಿಗೆ ಅದು ಸಿಕ್ಕಿಹಾಕಿಕೊಂಡು ಎಳೆಯತೊಡಗಿತು. “ನನ್ನ ಕತ್ತಿ ಇದೆಯಲ್ಲ” ಎಂದರು ಅಬ್ಬ.

ಕತ್ತಿ ಇತ್ತು, ಹರಿತ ಇರಲಿಲ್ಲ. ನಾನು ಮಾಡಿದ ತಪ್ಪು ಇಲ್ಲಿಂದ ಶುರು. ತೋಟದ ಕತ್ತಿಯನ್ನು ಉಜ್ಜುವ ಮಸೆಗಲ್ಲು ಬಾವಿಕಟ್ಟೆಯ ಹತ್ತಿರವಿತ್ತು. ತೆಂಗಿನ ಗರಿ ಕಡಿಯುವ ಕತ್ತಿಯನ್ನು ಹೇಗೆ ಮಸೆಯುತ್ತಿದ್ದೆನೋ ಹಾಗೆಯೇ ಹತ್ತು ನಿಮಿಷ ಗಸಗಸ ಉಜ್ಜಿದೆ. ಅಂಚು ಫಳಫಳ ಹೊಳೆಯಿತು. ಹೊಳಪನ್ನೇ ಹರಿತ ಎಂದು ನಂಬಿದೆ. ಆ ಗುರುವಾರ ಕಿವಿಯ ಮೇಲ್ಭಾಗದಲ್ಲಿ ಕತ್ತಿ ತಡೆಯಿತು, ಜಾರಿತು. ರಕ್ತ ಕುತ್ತಿಗೆಯವರೆಗೂ ಇಳಿಯಿತು. ಅಬ್ಬ ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ನಾನು ಕತ್ತಿ ಹಿಡಿದು ಹತ್ತಿರ ಹೋದಾಗಲೆಲ್ಲ ಅವರ ಬಲಗೈ ಮೇಲೆದ್ದು ನನ್ನ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿತ್ತು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಇಪ್ಪತ್ತು ವರ್ಷಗಳಿಂದ ಮಕ್ಕಳ ಕೈ ಹಿಡಿದು ಬರೆಸುತ್ತಿರುವ ಮೇಷ್ಟ್ರ ಕೈಯನ್ನು ಸ್ವಂತ ತಂದೆ ಭಯದಿಂದ ಹಿಡಿದುಕೊಳ್ಳುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಬಹುದು.

ತಮ್ಮನ ಕರೆ

ನನ್ನ ತಮ್ಮ ಜರ್ಮನಿಯ ಆಖೆನ್ ನಗರದಲ್ಲಿ ಇಂಜಿನಿಯರ್. ಫೋನಿನಲ್ಲಿ ಈ ವಿಷಯ ತಿಳಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಂತರ, “ಕಾಕಾ, ಬೇಸಿಗೆ ರಜೆಗೆ ಹೇಗೂ ಬರುತ್ತೇನೆಂದು ಹೇಳಿದ್ದೀರಲ್ಲ, ಆ ಕತ್ತಿಯನ್ನೂ ತನ್ನಿ” ಎಂದ. (ನಮ್ಮ ಮನೆಯಲ್ಲಿ ಅಣ್ಣನನ್ನು ಕಾಕ ಎಂದೇ ಕರೆಯುವುದು.) ಅವನ ಜೊತೆ ಕೆಲಸ ಮಾಡುವ ಬೆಲ್ಜಿಯಂನವರೊಬ್ಬರ ಮಾವನ ಮನೆ ಮಸೆಗಲ್ಲಿನ ಊರಿನಲ್ಲಿದೆಯಂತೆ. ಕ್ಷೌರದ ಕತ್ತಿಗೆಂದೇ ಪ್ರಸಿದ್ಧವಾದ ಕಲ್ಲು ಅಲ್ಲಿಯ ಬೆಟ್ಟದಲ್ಲಿ ಸಿಗುತ್ತದಂತೆ.

ಕಲ್ಲಿಗೂ ಒಂದು ಊರೇ? ನನಗೆ ನಗು ಬಂತು. ನಮ್ಮಲ್ಲಿ ಕಲ್ಲಿಲ್ಲದ ಊರು ಯಾವುದು? ಆದರೂ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬದೊಳಗಿಟ್ಟು, ವಿಮಾನದ ಸಾಮಾನಿಗೆ ಹಾಕುವ ದೊಡ್ಡ ಪೆಟ್ಟಿಗೆಯ ತಳದಲ್ಲಿರಿಸಿದೆ. ಕೈಚೀಲದಲ್ಲಿ ಅಂಥದ್ದನ್ನು ಒಯ್ಯುವಂತಿಲ್ಲ.

ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ನಾವು ಮೂವರು ಆಖೆನ್‌ನಿಂದ ರೈಲು ಹತ್ತಿದೆವು. ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ. ಕಿಟಕಿಯಾಚೆಯ ಬೋರ್ಡುಗಳ ಭಾಷೆ ಜರ್ಮನ್‌ನಿಂದ ಫ್ರೆಂಚಿಗೆ ಬದಲಾಗಿತ್ತು, ಅಷ್ಟೆ. ಲಿಯೇಜ್ ನಗರದಲ್ಲಿ ರೈಲು ಬದಲಾಯಿಸಬೇಕು. ಅಲ್ಲಿಯ ಗಿಯೆಮಾಂ ನಿಲ್ದಾಣ 2009ರಲ್ಲಿ ಉದ್ಘಾಟನೆಯಾದದ್ದು. ಸ್ಪೇನಿನ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ಉಕ್ಕು ಮತ್ತು ಗಾಜಿನಿಂದ ಕಟ್ಟಿದ ಆ ಬೃಹತ್ ಕಮಾನಿನಡಿ ನಿಂತಾಗ ಮನುಷ್ಯ ಇರುವೆಯಂತೆ ಕಾಣುತ್ತಾನೆ.

ಲಿಯೇಜ್‌ನಿಂದ ದಕ್ಷಿಣಕ್ಕೆ ಹೊರಟ ಸಣ್ಣ ರೈಲು ಊರ್ತ್ ನದಿಯನ್ನೂ ಆಮೇಲೆ ಆಂಬ್ಲೆವ್ ನದಿಯನ್ನೂ ಅನುಸರಿಸಿ ಆರ್ಡೆನ್ ಬೆಟ್ಟಸಾಲಿನೊಳಗೆ ನುಗ್ಗುತ್ತದೆ. ಸುರಂಗ, ಸೇತುವೆ, ಮತ್ತೆ ಸುರಂಗ. ನಮ್ಮ ಸಕಲೇಶಪುರ ಘಾಟಿಯ ರೈಲು ನೆನಪಾಯಿತು. ಆದರೆ ಇಲ್ಲಿಯ ಬೆಟ್ಟಗಳು ಅಷ್ಟು ಎತ್ತರವಿಲ್ಲ. ಮೇಲೆ ಕಪ್ಪು ಹಸಿರಿನ ಸ್ಪ್ರೂಸ್ ಕಾಡು, ಕೆಳಗೆ ಹಸುಗಳು ಮೇಯುವ ಹುಲ್ಲುಗಾವಲು. ‘ಮೂರು ಸೇತುವೆ’ ಎಂಬ ಅರ್ಥದ ತ್ರುವಾಪೋಂ ನಿಲ್ದಾಣ ದಾಟಿದ ಮೇಲೆ ಸಾಲ್ಮ್ ಎಂಬ ಪುಟ್ಟ ನದಿ ನಮ್ಮ ಜೊತೆಯಾಯಿತು. ಲಿಯೇಜ್ ಬಿಟ್ಟು ಸುಮಾರು ಒಂದು ಗಂಟೆಯಲ್ಲಿ ವಿಯೆಲ್‌ಸಾಲ್ಮ್‌ನಲ್ಲಿ ಇಳಿದೆವು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ನಮ್ಮ ಗುರಿಯಾದ ಸಾಲ್ಮ್‌ಶಾಟೋ. ಹೆಸರಿನ ಅರ್ಥ ‘ಸಾಲ್ಮ್ ಕೋಟೆ’. ಒಂದು ಕಾಲದಲ್ಲಿ ಈ ಸೀಮೆಯನ್ನು ಆಳಿದ ಸಾಲ್ಮ್ ಕೌಂಟ್‌ಗಳ ಕೋಟೆಯ ಅವಶೇಷ ಈಗಲೂ ಉಳಿದಿದೆ.

ಊರು ಚಿಕ್ಕದು. ಮನೆಗಳ ಗೋಡೆ ಕಲ್ಲಿನದು, ಮಾಡಿಗೆ ಹೊದಿಸಿದ್ದೂ ಕಲ್ಲಿನ ತೆಳು ಹಾಳೆಗಳೇ. ನಮ್ಮಲ್ಲಿ ಮಂಗಳೂರು ಹೆಂಚು ಇದ್ದಂತೆ ಅಲ್ಲಿ ಸ್ಲೇಟು. ಹೌದು, ನಾವು ಚಿಕ್ಕಂದಿನಲ್ಲಿ ಬಳಪದಿಂದ ಬರೆದ ಅದೇ ಸ್ಲೇಟಿನ ಕಲ್ಲು. 1944ರ ಡಿಸೆಂಬರಿನಲ್ಲಿ ಎರಡನೆಯ ಮಹಾಯುದ್ಧದ ಭೀಕರ ಕದನವೊಂದು ಈ ಕಣಿವೆಯ ಮೂಲಕವೂ ಹಾದು ಹೋಯಿತು. ಇಂದು ಅಲ್ಲಿ ನದಿಯ ಸದ್ದಿನ ಹೊರತು ಬೇರೆ ಸದ್ದಿಲ್ಲ.

ನೀಲಿಯ ನಡುವೆ ಹಳದಿ

ಈ ಊರಿನ ಕಲ್ಲಿಗೆ ಕೊಟಿಕ್ಯೂಲ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಕೋಸ್’ ಎಂದರೆ ಮಸೆಗಲ್ಲು. ‘ಕೋಟಿಕುಲಾ’ ಎಂದರೆ ಚಿಕ್ಕ ಮಸೆಗಲ್ಲು. ಹಳೆಯ ಕಾರ್ಯಾಗಾರವೊಂದನ್ನೇ ಇಲ್ಲಿ ಈ ಕಲ್ಲಿನ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ನಾವು ಮೊದಲು ಹೋದದ್ದು ಅಲ್ಲಿಗೆ.

ಕಲ್ಲಿನ ಕಥೆ ವಿಸ್ಮಯಕರ. ಸುಮಾರು 48 ಕೋಟಿ ವರ್ಷಗಳ ಹಿಂದೆ ಈ ಬೆಟ್ಟಗಳಿರುವಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ನಿಂತ ಕೆಸರು ಕಾಲಾಂತರದಲ್ಲಿ ಭೂಮಿಯ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಕಲ್ಲಾಯಿತು. ಹೆಚ್ಚಿನ ಭಾಗ ನೇರಳೆ ಛಾಯೆಯ ನೀಲಿ ಕಲ್ಲು. ಅದರ ನಡುನಡುವೆ, ರೊಟ್ಟಿಯ ಮಧ್ಯೆ ಸವರಿದ ಬೆಣ್ಣೆಯ ಹಾಗೆ, ಕೆನೆಹಳದಿಯ ತೆಳ್ಳಗಿನ ಪದರಗಳು. ಅದೇ ಕೊಟಿಕ್ಯೂಲ್. ಕೆಲವೆಡೆ ಬೆರಳಿನಷ್ಟು ದಪ್ಪವೂ ಇರುವುದಿಲ್ಲ. ಹತ್ತು ಸೆಂಟಿಮೀಟರ್ ಸಿಕ್ಕರೆ ಅದು ಭಾಗ್ಯ.

ಈ ಹಳದಿ ಕಲ್ಲಿನೊಳಗೆ ಗೋಮೇಧಿಕದ ಜಾತಿಗೆ ಸೇರಿದ ಗಾರ್ನೆಟ್ ಹರಳುಗಳು ಒತ್ತೊತ್ತಾಗಿ ತುಂಬಿವೆ. ಕಣ್ಣಿಗೆ ಕಾಣಿಸುವುದಿಲ್ಲ. ಒಂದೊಂದರ ಗಾತ್ರ 5ರಿಂದ 20 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಹರಳು ಉಕ್ಕನ್ನು ಸವೆಸುವಷ್ಟು ಗಟ್ಟಿ. ಆದರೆ ಅದಕ್ಕೆ ಚೂಪಾದ ಮುಳ್ಳುಗಳಿಲ್ಲ. ಹಲವು ಮುಖಗಳುಳ್ಳ, ಬಹುತೇಕ ಉರುಟಾದ ಆಕಾರ. ಆದ್ದರಿಂದ ಅದು ಉಕ್ಕನ್ನು ಆಳವಾಗಿ ಗೀರುವುದಿಲ್ಲ. ಮೇಲಿಂದ ಮೇಲೆ ಸವರಿದಂತೆ ತೆಗೆಯುತ್ತದೆ. ಚರ್ಮದ ಮೇಲೆ ಓಡುವ ಕತ್ತಿಗೆ ಬೇಕಾದದ್ದು ಇದೇ.

ಈ ತೆಳು ಪದರಕ್ಕಾಗಿ ಜನ ಬೆಟ್ಟದೊಳಗೆ ಸುರಂಗ ಕೊರೆದು, ಓರೆಯಾಗಿ ಇಳಿಯುವ ಪದರದ ಬೆನ್ನು ಹತ್ತಿ, ಕತ್ತಲಲ್ಲಿ ದುಡಿದರು. ಹೊರತೆಗೆದ ಕಲ್ಲಿನಲ್ಲಿ ಹೆಚ್ಚಿನದು ಉಪಯೋಗಕ್ಕೆ ಬಾರದ್ದು. ಉಪಯೋಗಕ್ಕೆ ಬಂದದ್ದನ್ನು ಕೊಯ್ದು, ನಯಗೊಳಿಸಿ, ತೆಳುವಾಗಿದ್ದರೆ ಹಿಂಬದಿಗೆ ನೀಲಿ ಕಲ್ಲನ್ನು ಅಂಟಿಸಿ ದೇಶವಿದೇಶಗಳಿಗೆ ಕಳುಹಿಸುತ್ತಿದ್ದರು. ಕ್ಷೌರಿಕರ, ಬಡಗಿಗಳ ಪೆಟ್ಟಿಗೆಗಳಲ್ಲಿ ಈ ಹಳದಿ ಕಲ್ಲಿಗೆ ಜಾಗವಿತ್ತು.

ಅದಕ್ಕೆ ಪೆಟ್ಟು ಬಿದ್ದದ್ದು ಎರಡು ಕಡೆಯಿಂದ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬವರು ಕಾರ್ಬೊರಂಡಮ್ ಎಂಬ ಕೃತಕ ಸಾಣೆ ವಸ್ತುವನ್ನು ಕಂಡುಹಿಡಿದರು. ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸಬಹುದಾದ ಕಲ್ಲು ಬಂತು. 1903ರಲ್ಲಿ ಕಿಂಗ್ ಜಿಲೆಟ್ ಬಿಸಾಡುವ ಬ್ಲೇಡಿನ ರೇಜರನ್ನು ಮಾರುಕಟ್ಟೆಗೆ ತಂದರು. ಆ ಮೊದಲ ವರ್ಷ ಮಾರಾಟವಾದದ್ದು ಬರೇ 51 ರೇಜರ್ ಮತ್ತು 168 ಬ್ಲೇಡುಗಳು. ಆದರೆ ಮುಂದಿನ ಕಾಲ ಅದರದ್ದಾಯಿತು. ಬಿಸಾಡುವ ಬ್ಲೇಡಿಗೆ ಮಸೆಗಲ್ಲು ಏಕೆ? ಒಂದೊಂದಾಗಿ ಗಣಿಗಳು ಮುಚ್ಚಿದವು. 1980ರ ಹೊತ್ತಿಗೆ ಹಳೆಯ ಉದ್ಯಮ ನಿಂತೇ ಹೋಯಿತು. 1990ರ ದಶಕದ ಕೊನೆಯಲ್ಲಿ ಸಮೀಪದ ಲಿಯೆರ್ನೊ ಬಳಿ ಮತ್ತೆ ಕಲ್ಲು ತೆಗೆಯತೊಡಗಿದ್ದರಿಂದ ಈ ಹೆಸರು ಅಳಿಯದೆ ಉಳಿಯಿತು.

“ಮೊದಲು ಕಲ್ಲಲ್ಲ, ವೈದ್ಯ”

ತಮ್ಮನ ಸ್ನೇಹಿತರ ಮಾವನಿಗೆ ಎಪ್ಪತ್ತು ದಾಟಿದೆ. ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರ ತಂದೆ ಈ ಕಲ್ಲಿನ ಕಾರ್ಯಾಗಾರದಲ್ಲಿ ದುಡಿದವರು. ಮನೆಯ ಹಿಂದಿನ ಕೊಟ್ಟಿಗೆಯ ಕಿಟಕಿ ಬಳಿ ಒಂದು ಮೇಜು, ಪಕ್ಕದಲ್ಲಿ ನೀರಿನ ತೊಟ್ಟಿ. ಅವರ ಫ್ರೆಂಚ್ ಮಾತನ್ನು ಅಳಿಯ ಜರ್ಮನ್‌ಗೆ, ತಮ್ಮ ನಮ್ಮ ಭಾಷೆಗೆ ತಿರುಗಿಸಬೇಕಾಗಿತ್ತು. ಎರಡು ಹೊಳೆ ದಾಟಿ ಬರುವ ಮಾತಾದರೂ ಅರ್ಥ ಮಾತ್ರ ಕೆಡಲಿಲ್ಲ.

ಅವರು ಅಬ್ಬನ ಕತ್ತಿಯನ್ನು ಬಿಡಿಸಿ, ಅಂಚನ್ನು ಮೇಲ್ಮುಖವಾಗಿಸಿ ದೀಪದ ಕೆಳಗೆ ಹಿಡಿದರು. “ನೋಡಿ” ಎಂದರು. ಅಂಚಿನುದ್ದಕ್ಕೂ ಬಿಳಿ ಚುಕ್ಕಿಗಳು ಮಿನುಗುತ್ತಿದ್ದವು. ನಿಜವಾಗಿ ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವಷ್ಟು ಅಗಲವಿರುವುದಿಲ್ಲ, ಆದ್ದರಿಂದ ಮಿನುಗುವುದಿಲ್ಲ. ಮಿನುಗಿದಲ್ಲೆಲ್ಲ ಅದು ಮೊಂಡಾಗಿದೆ, ಇಲ್ಲವೇ ಹಲ್ಲು ಬಿದ್ದಿದೆ ಎಂದರ್ಥ. ನಾನು ಹೆಮ್ಮೆಪಟ್ಟ ಹೊಳಪು ಇದೇ ಆಗಿತ್ತು!

“ಇದಕ್ಕೆ ಮೊದಲು ಬೇಕಾದದ್ದು ಕಲ್ಲಲ್ಲ, ವೈದ್ಯ” ಎಂದರು ಆ ಹಿರಿಯರು. ಕತ್ತಿಯನ್ನು ಒಮ್ಮೆ ಬಲ್ಲವರಿಂದಲೇ ಸರಿಮಾಡಿಸಿಕೊಳ್ಳಬೇಕು. ನಿಜವಾದ ಹರಿತ ಹೇಗಿರುತ್ತದೆ ಎಂದು ತಿಳಿಯದವನಿಗೆ ತಾನು ಮಸೆದದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅವರೇ ವೈದ್ಯರಾದರು. ಕಾರ್ಖಾನೆಯಲ್ಲಿ ತಯಾರಾದ ಕಲ್ಲುಗಳಿಗೆ ಸಂಖ್ಯೆ ಇರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ. ಹಲ್ಲು ಬಿದ್ದ ಅಂಚಿಗೆ ಅವರು ಬಳಸಿದ್ದು 1000 ಸಂಖ್ಯೆಯ ಕಲ್ಲು. ಮೊದಲು ಅಂಚಿಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದರು. ಕತ್ತಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿದರು. ಬೆನ್ನೂ ಅಂಚೂ ಎರಡೂ ಕಲ್ಲಿಗೆ ತಾಗಿರಬೇಕು. ನನ್ನ ದೊಡ್ಡ ತಪ್ಪು ಆಗ ತಿಳಿಯಿತು. ತೋಟದ ಕತ್ತಿಯ ಬೆನ್ನನ್ನು ನಾವು ಎತ್ತಿ ಹಿಡಿದು ಮಸೆಯುತ್ತೇವೆ. ಕ್ಷೌರದ ಕತ್ತಿಯ ಬೆನ್ನು ದಪ್ಪವಾಗಿರುವುದೇ ಅದನ್ನು ಎತ್ತದಿರಲಿ ಎಂದು. ಬೆನ್ನಿನ ದಪ್ಪವೇ ಅಂಚಿನ ಕೋನವನ್ನು ನಿರ್ಧರಿಸುತ್ತದೆ. ಮಾಡಿದವನು ಲೆಕ್ಕ ಹಾಕಿಯೇ ಕೊಟ್ಟಿದ್ದಾನೆ. ನಾವು ಬುದ್ಧಿವಂತಿಕೆ ತೋರಿಸದಿದ್ದರೆ ಸಾಕು.

ಅಂಚು ಮುಂದಾಗಿ ಒಂದು ಎಳೆತ, ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ ಮತ್ತೊಂದು. ಸ್ವಲ್ಪ ಹೊತ್ತಿಗೆ ಕಪ್ಪು ಬಣ್ಣ ಅಂಚಿನ ಕೊನೆಯವರೆಗೂ ಸಮವಾಗಿ ಅಳಿಸಿತು. “ಬಣ್ಣ ಉಳಿದ ಕಡೆ ಕಲ್ಲು ತಾಗಿಲ್ಲ” ಎಂದು ಅವರು ವಿವರಿಸಿದರು. ಈ ಹಂತ ಮುಗಿದ ಮೇಲೆಯೇ ಹಳದಿ ಕಲ್ಲು ಹೊರಬಂದದ್ದು.

ಗಂಧ ತೇಯ್ದ ಹಾಗೆ

ಹಳದಿ ಕಲ್ಲಿಗೆ ಎಣ್ಣೆ ಬೇಡ, ನೀರು ಸಾಕು. ಅವರು ಕಲ್ಲಿಗೆ ನೀರು ಚಿಮುಕಿಸಿ, ಅದೇ ಜಾತಿಯ ಬೆರಳಿನಷ್ಟು ಸಣ್ಣ ತುಂಡಿನಿಂದ ಉಜ್ಜಿದರು. ಗಂಧ ತೇಯ್ದಂತೆ ಬಿಳಿಯ ಹಾಲು ಎದ್ದಿತು. ಕಲ್ಲಿನಿಂದ ಬಿಡಿಸಿಕೊಂಡ ಹರಳುಗಳು ಆ ಹಾಲಿನಲ್ಲಿ ತೇಲುತ್ತಿರುತ್ತವೆ. ಹಾಲು ದಪ್ಪವಿದ್ದಾಗ ಉಕ್ಕು ಬೇಗ ಸವೆಯುತ್ತದೆ. ಹತ್ತಿಪ್ಪತ್ತು ಎಳೆತಗಳಾದ ಮೇಲೆ ಒಂದೆರಡು ಹನಿ ನೀರು. ಮತ್ತೆ ಎಳೆತ, ಮತ್ತೆ ಹನಿ. ಹಾಲು ತೆಳುವಾದಷ್ಟೂ ಕಲ್ಲಿನ ಕೆಲಸ ನಿಧಾನ, ಅಂಚು ನಯ. ಕೊನೆಗೆ ಬರೀ ನೀರಿನಲ್ಲಿ, ಕತ್ತಿಯ ಭಾರವೊಂದನ್ನೇ ಬಿಟ್ಟು ಎಳೆದರು. ಹಾಗಾಗಿ ಈ ಒಂದೇ ಕಲ್ಲು ಒರಟು ಕಲ್ಲಿನ ಕೆಲಸವನ್ನೂ ನಯದ ಕಲ್ಲಿನ ಕೆಲಸವನ್ನೂ ಸಾಕಷ್ಟು ಮಟ್ಟಿಗೆ ಮಾಡುತ್ತದೆ. ಆದರೆ ಎಷ್ಟು ಹನಿ, ಯಾವಾಗ ಎನ್ನುವುದನ್ನು ಕೈಯೇ ಕಲಿಯಬೇಕು.

ಕೊನೆಗೆ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು. ಬೆನ್ನು ಮುಂದೆ, ಅಂಚು ಹಿಂದೆ. ಇಲ್ಲದಿದ್ದರೆ ಪಟ್ಟಿಯೇ ತುಂಡಾಗುತ್ತದೆ. ಐವತ್ತು ಸಲ ಎಳೆದು, ಅವರು ತಮ್ಮ ಮುಂಗೈಯ ರೋಮಕ್ಕೆ ಕತ್ತಿ ತಾಗಿಸಿದರು. ಚರ್ಮ ಮುಟ್ಟುವ ಮೊದಲೇ ರೋಮ ಉದುರಿತು. ನಾನು ಎಷ್ಟೋ ವರ್ಷಗಳ ಬಳಿಕ ಅಬ್ಬನ ಕತ್ತಿಯನ್ನು ಅದರ ನಿಜರೂಪದಲ್ಲಿ ನೋಡಿದೆ.

ಯಾವ ಕಲ್ಲು?

ಹಿರಿಯರು ಮೇಜಿನ ಸೆಳೆಖಾನೆ ಎಳೆದು ಮೂರು ಕಲ್ಲುಗಳನ್ನು ನನ್ನ ಮುಂದಿಟ್ಟರು. ಒಂದು ಇಪ್ಪತ್ತು ಸೆಂಟಿಮೀಟರ್ ಉದ್ದದ, ಕಲೆಯಿಲ್ಲದ, ಬೆಣ್ಣೆಯಂಥ ಕಲ್ಲು. ಇನ್ನೊಂದು ಅದಕ್ಕಿಂತ ಸ್ವಲ್ಪ ಚಿಕ್ಕದು, ಆದರೆ ಮೇಲ್ಮೈಯಲ್ಲಿ ಒಂದು ಬಿರುಕು. ಮೂರನೆಯದು ಅಂಗೈಗಿಂತ ತುಸು ಉದ್ದದ, ಒಂದು ಬದಿ ಓರೆಯಾಗಿ ತುಂಡಾದ, ನಸುಗಪ್ಪು ಗೆರೆಗಳಿದ್ದ ಕಲ್ಲು. “ಆರಿಸಿ” ಎಂದರು.

ನನ್ನ ಕೈ ತಾನಾಗಿ ಮೊದಲನೆಯದರ ಮೇಲೆ ಹೋಯಿತು. ಮನಸ್ಸಿನಲ್ಲಿ ಲೆಕ್ಕವೂ ಆಗಿತ್ತು. ಎಷ್ಟು ಬೆಲೆಯಾದರೂ ಸರಿ, ಅಬ್ಬನಿಗಾಗಿ ಅತ್ಯುತ್ತಮವಾದದ್ದೇ ಇರಲಿ.

ಅವರು ನಕ್ಕು, ಒಂದು ಪ್ರಶ್ನೆ ಕೇಳಿದರು. “ನೀವು ಮೇಷ್ಟ್ರಲ್ಲವೇ? ಅಕ್ಷರ ಕಲಿಯಲು ಬಂದ ಮಗುವಿಗೆ ಮೊದಲು ಏನು ಕೊಡುತ್ತೀರಿ?”

“ಸ್ಲೇಟು” ಎಂದೆ. ಸ್ಲೇಟಿನ ಊರಿನಲ್ಲಿ ಕುಳಿತು ಸ್ಲೇಟು ಎಂದದ್ದಕ್ಕೆ ಎಲ್ಲರೂ ನಕ್ಕರು.

ಆಮೇಲೆ ಅವರು ಹೇಳಿದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಹಳೆಯ ಕತ್ತಿ ಮನೆಯಲ್ಲಿರುವ ಓದುಗರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಕಲ್ಲು ದೊಡ್ಡದಿರಬೇಕಾಗಿಲ್ಲ. ಕತ್ತಿಯನ್ನು ಓರೆಯಾಗಿ ಎಳೆಯುತ್ತ ಹಿಡಿಯ ಕಡೆಯಿಂದ ತುದಿಯವರೆಗೆ ತಾಗಿಸುವುದರಿಂದ ನಾಲ್ಕು ಸೆಂಟಿಮೀಟರ್ ಅಗಲ, ಹನ್ನೆರಡು ಹದಿನೈದು ಸೆಂಟಿಮೀಟರ್ ಉದ್ದ ಸಾಕು. ಆಕಾರ ಸೊಟ್ಟಗಿದ್ದರೂ ತೊಂದರೆಯಿಲ್ಲ. ಅಂಥ ತುಂಡುಗಳಿಗೆ ಬೆಲೆಯೂ ಕಡಿಮೆ. ಬಣ್ಣದ ಗೆರೆಗಳಿಗೆ ಹೆದರಬೇಡಿ, ಉಗುರು ಎಳೆದಾಗ ತಡೆಯುವ ಬಿರುಕಿಗೆ ಹೆದರಿ. ಅಂಚು ಅಲ್ಲಿ ಹಲ್ಲು ಮುರಿದುಕೊಳ್ಳುತ್ತದೆ.

ಮೇಲ್ಮೈ ಮಾತ್ರ ಸಮತಟ್ಟಾಗಿರಲೇಬೇಕು. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಗಳನ್ನೆಳೆದು, ದಪ್ಪ ಗಾಜಿನ ಮೇಲಿಟ್ಟ ಒದ್ದೆ ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿದರೆ ಗೆರೆಗಳು ಅಳಿಸುತ್ತವೆ. ಎಲ್ಲ ಗೆರೆಗಳೂ ಒಟ್ಟಿಗೆ ಅಳಿಸಿದರೆ ಕಲ್ಲು ಸಮವಾಗಿದೆ. ಎಲ್ಲಿ ಗೆರೆ ಉಳಿಯುತ್ತದೆಯೋ ಅಲ್ಲಿ ಗುಳಿ.

ಕ್ಷೌರದ ಕತ್ತಿಗಾಗಿ ಬೆಲ್ಜಿಯಂನವರೆಗೆ ಬರಬೇಕಾಗಿಲ್ಲ ಎಂಬುದನ್ನೂ ಅವರೇ ಹೇಳಿದರು. ಕಾರ್ಖಾನೆಯ ಕಲ್ಲುಗಳಲ್ಲಿ ಒಂದು ಬದಿ 4000, ಇನ್ನೊಂದು ಬದಿ 8000 ಇರುವ ಜೋಡಿ ಕಲ್ಲು ಹೊಸಬರಿಗೆ ಚೆನ್ನಾಗಿ ಒಗ್ಗುತ್ತದೆ. ಅದರ ಗುಣ ಇಂದೂ ನಾಳೆಯೂ ಒಂದೇ. ಗಣಿಯ ಕಲ್ಲಿಗೆ ಸಂಖ್ಯೆಯಿಲ್ಲ, ಒಂದೇ ಪದರದ ಎರಡು ತುಂಡುಗಳಿಗೂ ಎರಡು ಸ್ವಭಾವ. ಹಳದಿಯ ಜೊತೆ ಸಿಗುವ ನೀಲಿ ಕಲ್ಲಿನಲ್ಲೂ ಗಾರ್ನೆಟ್ ಇದೆ. ಅದು ಅಗ್ಗ, ಆದರೆ ನಿಧಾನ.

“ಯಾವುದನ್ನಾದರೂ ಕೊಳ್ಳಿ. ಆದರೆ ಒಂದನ್ನೇ ಕೊಳ್ಳಿ, ಒಂದು ವರ್ಷ ಬದಲಾಯಿಸಬೇಡಿ” ಎಂದು ಅವರು ಬೆರಳೆತ್ತಿ ಹೇಳಿದರು. ಕತ್ತಿ ಹರಿತವಾಗದಿದ್ದಾಗ ಎಲ್ಲರೂ ದೂರುವುದು ಕಲ್ಲನ್ನು. ಇನ್ನೂ ನಯವಾದದ್ದನ್ನು, ಇನ್ನೂ ದುಬಾರಿಯಾದದ್ದನ್ನು ತರುತ್ತಾರೆ. ಕೈ ಕಲಿಯುವ ಮೊದಲೇ ಕಲ್ಲು ಬದಲಾದರೆ, ತಪ್ಪು ಕೈಯದೋ ಕಲ್ಲಿನದೋ ಎಂದು ಎಂದಿಗೂ ಗೊತ್ತಾಗುವುದಿಲ್ಲ. ಮೊದಲ ಕಲ್ಲು ಇರುವುದು ಕತ್ತಿಯನ್ನು ಮಸೆಯಲಿಕ್ಕಿಂತ ಹೆಚ್ಚಾಗಿ ಕೈಯನ್ನು ಮಸೆಯಲಿಕ್ಕೆ.

ನಾನು ಆ ಮೂರನೆಯ, ಓರೆ ತುಂಡನ್ನೇ ಎತ್ತಿಕೊಂಡೆ. ಬಹಳ ಒತ್ತಾಯಿಸಿದ ಮೇಲೆ ಅವರು ಸಣ್ಣದೊಂದು ಮೊತ್ತ ತೆಗೆದುಕೊಂಡರು. ಹಾಲು ಎಬ್ಬಿಸುವ ಬೆರಳುದ್ದದ ಚೂರನ್ನು ಮಾತ್ರ ಹಣ ಪಡೆಯದೆ ನನ್ನ ಕಿಸೆಗೆ ಹಾಕಿದರು. ಬಿಸಿ ಚಾ ಕುಡಿದು, ಅವರ ಹಿತ್ತಲಿನಿಂದ ಇಳಿದು ಸಾಲ್ಮ್ ನದಿಯ ಅಂಚಿಗೆ ಬಂದೆವು. ತಮ್ಮ ಕಲ್ಲನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದ. ಒದ್ದೆಯಾದಾಗ ಆ ಹಳದಿಗೆ ಜೇನಿನ ಬಣ್ಣ ಬಂತು. “ಕಾಕಾ, ಅಬ್ಬನ ತಲೆ ಬೋಳಿಸುವ ಸರದಿ ನನಗೂ ಬರಬೇಕಿತ್ತು” ಎಂದ ಅವನು, ಬೇರೆ ಕಡೆ ನೋಡುತ್ತಾ. ವಿದೇಶದಲ್ಲಿರುವ ಮಕ್ಕಳಿಗೂ ಅವರದ್ದೇ ಆದ ಗಾಯಗಳಿರುತ್ತವೆ.

ಜಗಲಿಯ ಬೆಂಚು

ಜೂನ್ ತಿಂಗಳು. ಶಾಲೆ ಶುರುವಾಗಿ, ಮಳೆ ಹಿಡಿದಿತ್ತು. ಹಿರಿಯರು ಮಸೆದು ಕೊಟ್ಟ ಹರಿತವಿದ್ದುದರಿಂದ ಮೊದಲ ಎರಡು ಸಲ ಕಲ್ಲು ಬೇಕಾಗಲಿಲ್ಲ, ಚರ್ಮದ ಪಟ್ಟಿ ಸಾಕಾಯಿತು. ಅದು ಅವರ ಇನ್ನೊಂದು ಸಲಹೆ. ಪಟ್ಟಿಯಿಂದ ಸರಿಯಾಗುವವರೆಗೆ ಕಲ್ಲನ್ನು ಮುಟ್ಟಬಾರದು. ಪ್ರತಿ ಸಲ ಮಸೆದಾಗಲೂ ಕತ್ತಿಯ ಆಯುಸ್ಸು ಸ್ವಲ್ಪ ಸವೆಯುತ್ತದೆ. ಬಳಸಿದ ಮೇಲೆ ಒರೆಸಿ ಒಣಗಿಸಬೇಕು. ಇಂಥ ಉಕ್ಕಿಗೆ ನಮ್ಮ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ನಾನು ಒಂದು ಹನಿ ತೆಂಗಿನೆಣ್ಣೆ ಸವರಿಡುತ್ತೇನೆ.

ಮೂರನೆಯ ಸಲ ಕತ್ತಿ ಸ್ವಲ್ಪ ಎಳೆಯಿತು. ಅಬ್ಬನ ಕೈ ಎಂದಿನಂತೆ ನನ್ನ ಮಣಿಕಟ್ಟಿನಲ್ಲಿತ್ತು, ಅದು ಬಿಗಿಯಾಯಿತು. ನಾನು ನಿಲ್ಲಿಸಿ, “ಅಬ್ಬ, ಸ್ವಲ್ಪ ಕೂತಿರಿ” ಎಂದು ಕಲ್ಲು ತಂದು ಅವರ ಎದುರಿಗೇ ಕುಳಿತೆ. ನೀರು ಚಿಮುಕಿಸಿ, ಸಣ್ಣ ಚೂರಿನಿಂದ ಹಾಲು ಎಬ್ಬಿಸಿದೆ. ಕತ್ತಿಯನ್ನು ಮಲಗಿಸಿ ಎಳೆಯತೊಡಗಿದೆ. ಒತ್ತಬಾರದು, ಅವಸರ ಕೂಡದು. ನೀರು ಒಂದು ಹನಿ, ಮತ್ತೊಂದು ಹನಿ. ಮಾಡಿನಿಂದ ಮಳೆನೀರು ಸುರಿಯುವ ಸದ್ದಿನ ನಡುವೆ ಕಲ್ಲಿನ ಮೇಲೆ ಉಕ್ಕು ಓಡುವ ಮೆತ್ತಗಿನ ಸದ್ದು. ಅಬ್ಬ ಕಣ್ಣು ತೆರೆದು ನನ್ನ ಕೈಯನ್ನೇ ನೋಡುತ್ತಿದ್ದರು. ಅರ್ಧ ಗಂಟೆಯ ನಂತರ ಮುಂಗೈ ರೋಮಕ್ಕೆ ತಾಗಿಸಿ ನೋಡಿದೆ. ಸಾಲ್ಮ್‌ಶಾಟೋದ ಹಿರಿಯರ ಹರಿತ ಅದಾಗಿರಲಿಲ್ಲ. ಆದರೆ ಕತ್ತಿ ಎಳೆಯಲಿಲ್ಲ. ಕುತ್ತಿಗೆಯ ಹತ್ತಿರ ಸಂಶಯ ಬಂದಾಗ ಅಲ್ಲಿಗೇ ಬಿಟ್ಟೆ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಒಂದು ವಿದ್ಯೆಯೇ.

ಆಮೇಲೆ ಎರಡು ತಿಂಗಳಲ್ಲಿ ಮತ್ತೆರಡು ಸಲ ಅದೇ ಕಲ್ಲಿನಲ್ಲಿ ಮಸೆದೆ. ಒಮ್ಮೆ ನೀರು ಬೇಗ ಹಾಕಿ ಕೆಡಿಸಿದೆ, ಮತ್ತೆ ಮೊದಲಿನಿಂದ ಮಾಡಿದೆ. ಹೆಂಡತಿ, “ಆ ಕಲ್ಲನ್ನು ಮಗುವಿನ ಹಾಗೆ ಒರೆಸಿಡುತ್ತೀರಿ” ಎಂದು ತಮಾಷೆ ಮಾಡುತ್ತಾಳೆ.

ಕಳೆದ ಗುರುವಾರ ಅಬ್ಬನನ್ನು ಬೆಂಚಿನಲ್ಲಿ ಕೂರಿಸಿ, ಬಿಸಿನೀರಿನಿಂದ ತಲೆ ತೋಯಿಸಿ, ಕತ್ತಿ ಹಿಡಿದು ಹತ್ತಿರ ಹೋದೆ. ಹಣೆಯಿಂದ ಶುರು ಮಾಡಿ ನೆತ್ತಿ ದಾಟಿದೆ. ಹಿಂದೆ ಗಾಯವಾಗಿದ್ದ ಕಿವಿಯ ಮೇಲ್ಭಾಗಕ್ಕೆ ಬಂದಾಗ ನಾನೇ ಕ್ಷಣ ನಿಂತೆ. ಆಗ ಗಮನಿಸಿದೆ. ಅವರ ಬಲಗೈ ಮೇಲೆದ್ದಿರಲಿಲ್ಲ. ಎರಡೂ ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು. ಅಬ್ಬ ನಿದ್ದೆ ಹೋಗಿದ್ದರು.